ಚಳಿಗಾಲಕ್ಕೆ ದಕ್ಷಿಣದ ಜಲದಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಪೂರ್ವ ಕರಾವಳಿಯಲ್ಲಿ ಹಾಯಿದೋಣಿ ಇಟ್ಟುಕೊಂಡವರಲ್ಲಿ ಅನೇಕರು ಚಳಿ ಶುರುವಾಗುತ್ತಿದ್ದಂತೆ ಒಳನಾಡಿನ ಜಲಮಾರ್ಗ ಹಿಡಿದು ಫ್ಲಾರಿಡಾಕ್ಕೆ ಇಳಿಯುತ್ತಾರೆ. ಮಕ್ಕಳು ಅಲ್ಲಿ ನೆಲೆಸಿರುವ ಮೈಸೂರು, ಮಂಡ್ಯ ಕಡೆಯ ಓದುಗರಿಂದ ಈ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣವನ್ನು ಪೂರ್ತಿ ಮೀಸಲಿಟ್ಟಿದ್ದೇವೆ.

ಮಗಳು-ಅಳಿಯ ವರ್ಜೀನಿಯಾದ ನಾರ್ಫೋಕ್‌ನಲ್ಲಿದ್ದಾರೆ. 36 ಅಡಿಯ ಹಾಯಿದೋಣಿ ಇದೆ. ಚಳಿಗಾಲಕ್ಕೆ ದೋಣಿಯಲ್ಲೇ ಮಯಾಮಿಗೆ ಹೋಗೋಣ, ನೀವೂ ಬನ್ನಿ ಅನ್ನುತ್ತಿದ್ದಾರೆ. ನಮ್ಮ ಯಜಮಾನರಿಗೆ ಸಮುದ್ರ ಅಂದರೆ ಭಯ. ಇದು ಸಮುದ್ರದ ಪ್ರಯಾಣವೇ? ಎಷ್ಟು ದಿನ ಹಿಡಿಯುತ್ತದೆ?
— ನಿವೃತ್ತ ಶಿಕ್ಷಕಿ, ಕುವೆಂಪುನಗರ, ಮೈಸೂರು

ಸಮುದ್ರ ಪಕ್ಕದಲ್ಲೇ ಇರುತ್ತದೆ, ಆದರೆ ನೀವು ಅದರೊಳಗೆ ಹೋಗುವುದಿಲ್ಲ ಅಮ್ಮ. ಆ ಕರಾವಳಿಯುದ್ದಕ್ಕೂ ಮರಳಿನ ಉದ್ದನೆಯ ದ್ವೀಪಗಳಿವೆ. ಅವುಗಳ ಹಿಂಬದಿಯ ಹಿನ್ನೀರು, ನದಿ, ಜೌಗುಗಳನ್ನು ನಡುನಡುವೆ ಕಾಲುವೆ ಅಗೆದು ಒಂದಕ್ಕೊಂದು ಜೋಡಿಸಿದ್ದಾರೆ. ಇದೇ ಇಂಟ್ರಾಕೋಸ್ಟಲ್ ವಾಟರ್‌ವೇ. ಸೊನ್ನೆ ಮೈಲಿಯ ಗುರುತು ಇರುವುದೇ ನಾರ್ಫೋಕ್ ಬಂದರಿನಲ್ಲಿ. ಅಲ್ಲಿಂದ ಮಯಾಮಿಗೆ ಸುಮಾರು 1,090 ಮೈಲಿ, ಕೀ ವೆಸ್ಟ್‌ವರೆಗೆ ಹೋದರೆ ಸುಮಾರು 1,240. ಈ ದಾರಿಯ ಲೆಕ್ಕವೆಲ್ಲ ನಾವು ಬಲ್ಲ ನೆಲದ ಮೈಲಿಯಲ್ಲಿ, ಅಂದರೆ 1.6 ಕಿ.ಮೀ. ಕಡಲ ಮೈಲಿ ಇದಕ್ಕಿಂತ ದೊಡ್ಡದು, 1.85 ಕಿ.ಮೀ. ದೋಣಿಯ ವೇಗಮಾಪಕ ಕಡಲ ಮೈಲಿಯಲ್ಲಿ ಹೇಳುತ್ತದೆ, ನಕ್ಷೆ ನೆಲದ ಮೈಲಿಯಲ್ಲಿ ಹೇಳುತ್ತದೆ. ಇದನ್ನು ಮರೆತರೆ ಸೇತುವೆ ತೆರೆಯುವ ಹೊತ್ತಿನ ಲೆಕ್ಕ ತಪ್ಪುತ್ತದೆ.

36 ಅಡಿಯ ದೋಣಿ ಗಂಟೆಗೆ ಆರು ಮೈಲಿ ಆಸುಪಾಸು ಹೋಗುತ್ತದೆ. ಹಗಲು ಮಾತ್ರ ಸಾಗಬೇಕು, ನವೆಂಬರ್ ಕೊನೆಗೆ ಹಗಲೇ ಹತ್ತು ಗಂಟೆ. ದಿನಕ್ಕೆ 40ರಿಂದ 50 ಮೈಲಿ ಅಂದುಕೊಂಡರೂ 25 ದಿನದ ಓಟವಾಯಿತು. ಗಾಳಿ ಜೋರಾಗಿ ನಿಂತ ದಿನ, ಮಂಜು ಕವಿದ ಬೆಳಿಗ್ಗೆ, ರಿಪೇರಿ, ಬಟ್ಟೆ ಒಗೆಯುವುದು, ದಿನಸಿ ತರುವುದು ಎಲ್ಲ ಸೇರಿಸಿ ಎರಡು ತಿಂಗಳು ಕೈಯಲ್ಲಿಟ್ಟುಕೊಳ್ಳಿ.

ಹೊರಗಿನ ಸಮುದ್ರ ಬೇಡವೆನ್ನುವುದಕ್ಕೆ ಮುಖ್ಯ ಕಾರಣ ಕೇಪ್ ಹ್ಯಾಟರಸ್. ಅಲ್ಲಿ ಗಲ್ಫ್ ಸ್ಟ್ರೀಮ್ ಎಂಬ ಬಿಸಿನೀರ ಪ್ರವಾಹ ಉತ್ತರಕ್ಕೆ ರಭಸವಾಗಿ ಹರಿಯುತ್ತದೆ. ಚಳಿಗಾಲದ ಉತ್ತರದ ಗಾಳಿ ಅದಕ್ಕೆ ಎದುರಾಗಿ ಬೀಸಿದಾಗ ಅಲೆಗಳು ಗೋಡೆಯಂತೆ ಕಡಿದಾಗಿ ಏಳುತ್ತವೆ. ಒಳದಾರಿ ಆ ಮೂಲೆಯನ್ನೇ ತಪ್ಪಿಸುತ್ತದೆ. ಹಾಗಂತ ಒಳದಾರಿಯಲ್ಲಿ ಅಲೆಯೇ ಇಲ್ಲ ಅನ್ನುವಂತಿಲ್ಲ. ನಾರ್ತ್ ಕ್ಯಾರೊಲಿನಾದ ಆಲ್ಬೆಮಾರ್ಲ್ ಸೌಂಡ್ (ಸೌಂಡ್ ಎಂದರೆ ಅಗಲವಾದ ಹಿನ್ನೀರು) ಅಗಲವಾಗಿದೆ, ಆಳ ಕಡಿಮೆ. ಗಾಳಿ 20 ನಾಟ್ (ಗಂಟೆಗೆ 20 ಕಡಲ ಮೈಲಿ) ದಾಟಿದರೆ ಅಲ್ಲಿ ಒತ್ತೊತ್ತಾಗಿ ಗಿಡ್ಡ ಅಲೆ ಎದ್ದು ದೋಣಿಯನ್ನು ಕುಲುಕಿಹಾಕುತ್ತದೆ. ನ್ಯೂಸ್ ನದಿಯ ಬಾಯಿ, ಜಾರ್ಜಿಯಾದ ಸೇಂಟ್ ಆಂಡ್ರೂ ಸೌಂಡ್ ಕೂಡ ಹೀಗೇ. ಇಂಥ ಕಡೆ ಒಂದು ದಿನ ನಿಂತು ಗಾಳಿ ಇಳಿದ ಮೇಲೆ ದಾಟಿದರೆ ಯಜಮಾನರು ಹಾಯಾಗಿ ಕಾಫಿ ಕುಡಿಯುತ್ತಾ ಕೂರಬಹುದು.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಹೆಸರಿಗೆ ಹಾಯಿದೋಣಿಯಾದರೂ ದಾರಿಯ ಬಹುಪಾಲು ಎಂಜಿನ್ನೇ ಓಡುತ್ತದೆ. ಅಗೆದ ಕಾಲುವೆಗಳು ಕೆಲವೆಡೆ ನೂರು ಅಡಿಯೂ ಅಗಲವಿಲ್ಲ, ಅಲ್ಲಿ ಗಾಳಿಗೆ ತಕ್ಕಂತೆ ಹೊರಳಾಡಲು ಜಾಗ ಸಿಗುವುದಿಲ್ಲ.

ಯಾವಾಗ ಹೊರಡಬೇಕು? ದಸರಾ ಮುಗಿಸಿಕೊಂಡು ಬಂದರೆ ತಡವಾಗುತ್ತದೆಯೇ?
— ಒಬ್ಬ ಓದುಗರು, ವಿಜಯನಗರ, ಮೈಸೂರು

ಸರಿಯಾಗಿ ಆಗುತ್ತದೆ. ಅಟ್ಲಾಂಟಿಕ್‌ನ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಅದು ಮುಗಿಯುವ ಮುಂಚೆ ದೋಣಿ ತೀರಾ ದಕ್ಷಿಣಕ್ಕೆ ಹೋಗಬಾರದೆಂದು ಅನೇಕ ವಿಮಾ ಪಾಲಿಸಿಗಳಲ್ಲಿ ಷರತ್ತು ಇರುತ್ತದೆ. ಇಂಥ ಅಕ್ಷಾಂಶದ ಕೆಳಗೆ ನವೆಂಬರ್ 1ಕ್ಕೆ ಮೊದಲು ಇದ್ದರೆ ಪರಿಹಾರವಿಲ್ಲ ಎಂಬ ಧಾಟಿಯಲ್ಲಿ. ಪಾಲಿಸಿಯಿಂದ ಪಾಲಿಸಿಗೆ ತಾರೀಕು, ಅಕ್ಷಾಂಶ ಎರಡೂ ಬೇರೆ, ಆದ್ದರಿಂದ ಅಳಿಯಂದಿರು ತಮ್ಮ ಪಾಲಿಸಿಯನ್ನೇ ತೆಗೆದು ಓದಲಿ. ಹೆಚ್ಚಿನವರು ನಾರ್ಫೋಕ್ ಬಿಡುವುದು ಅಕ್ಟೋಬರ್ ಮಧ್ಯದಿಂದ ನವೆಂಬರ್ ಮೊದಲ ವಾರದೊಳಗೆ. ಅದಕ್ಕಿಂತ ತಡಮಾಡಿದರೆ ಕ್ಯಾರೊಲಿನಾದಲ್ಲಿ ಬೆಳಿಗ್ಗೆ ಡೆಕ್ಕಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಕಾಲು ಜಾರುತ್ತದೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಂದಿನಿಂದ ಗಡಿಯಾರದ ಲೆಕ್ಕದಲ್ಲಿ ಕತ್ತಲು ಒಂದು ಗಂಟೆ ಮುಂಚೆ ಬರುತ್ತದೆ. ಸೇತುವೆಗಳು ತೆರೆಯುವುದು ಗಡಿಯಾರ ನೋಡಿಕೊಂಡೇ, ಹಾಗಾಗಿ ಅಂದಿನ ಲೆಕ್ಕವನ್ನೆಲ್ಲ ಹೊಸದಾಗಿ ಹಾಕಿಕೊಳ್ಳಬೇಕು.

ಆರಂಭದಲ್ಲೇ ಲಾಕ್ ಗೇಟು ದಾಟಬೇಕಂತೆ. ನಮ್ಮ ಕೆ.ಆರ್.ಎಸ್. ಗೇಟಿನ ಹಾಗೆ ನೀರು ನುಗ್ಗುತ್ತದೆಯೇ?
— ಕೃಷಿಕರು, ಪಾಂಡವಪುರ

ಇಲ್ಲ. ಅಣೆಕಟ್ಟೆಯ ಗೇಟು ನೀರು ಬಿಡಲು ಇರುವುದು, ಲಾಕ್ ಗೇಟು ದೋಣಿಯನ್ನು ಎತ್ತಿ ಇಳಿಸಲು. ಮುಂದೊಂದು ಹಿಂದೊಂದು ಗೇಟಿರುವ ತೊಟ್ಟಿಯೊಳಗೆ ದೋಣಿ ಹೋಗುತ್ತದೆ, ಹಿಂದಿನ ಗೇಟು ಮುಚ್ಚುತ್ತದೆ, ತೊಟ್ಟಿಯ ನೀರನ್ನು ನಿಧಾನವಾಗಿ ಏರಿಸುತ್ತಾರೆ ಅಥವಾ ಇಳಿಸುತ್ತಾರೆ. ಮುಂದಿನ ನೀರಿನ ಮಟ್ಟಕ್ಕೆ ಸಮವಾದ ಮೇಲಷ್ಟೇ ಮುಂದಿನ ಗೇಟು ತೆರೆಯುವುದು.

ನಾರ್ಫೋಕ್‌ನಿಂದ ಕೆಳಗೆ ಎರಡು ದಾರಿಗಳಿವೆ, ಎರಡೂ ಆಲ್ಬೆಮಾರ್ಲ್ ಸೌಂಡಿನಲ್ಲಿ ಕೂಡುತ್ತವೆ. ಒಂದರಲ್ಲಿ ಗ್ರೇಟ್ ಬ್ರಿಜ್ ಲಾಕ್. 600 ಅಡಿ ಉದ್ದದ ತೊಟ್ಟಿ, ಮಟ್ಟದ ವ್ಯತ್ಯಾಸ ಮಾತ್ರ ಸ್ವಲ್ಪವೇ. ಇನ್ನೊಂದು ಡಿಸ್ಮಲ್ ಸ್ವಾಂಪ್ ಕಾಲುವೆ. 1793ರಲ್ಲಿ ಅಗೆಯಲು ಹಿಡಿದು 1805ರಲ್ಲಿ ತೆರೆದದ್ದು. ಗುಲಾಮರ ಕೈಯಲ್ಲಿ ಅಗೆಸಿದ ಕಾಲುವೆ ಎಂಬುದನ್ನು ಅದರ ಸೊಬಗು ಹೊಗಳುವವರು ನೆನಪಿಡಬೇಕು. ಇಲ್ಲಿ ಎರಡು ಲಾಕ್‌ಗಳು, ಒಂದರಲ್ಲಿ ಸುಮಾರು ಎಂಟು ಅಡಿ ಏರಿದರೆ ಇನ್ನೊಂದರಲ್ಲಿ ಅಷ್ಟೇ ಇಳಿಯುವುದು. ಮರದ ಎಲೆ-ಬೇರುಗಳ ಒಗರು ಇಳಿದು ನೀರು ಕಡು ಕಂದು ಬಣ್ಣಕ್ಕಿದೆ. ನಿಗದಿಯಾದ ಆಳ ಆರು ಅಡಿ. ಮುಳುಗಿದ ಮರದ ದಿಮ್ಮಿಗಳು ತಳಕ್ಕೆ ತಗಲುವುದುಂಟು. ಐದು ಅಡಿ ನೀರು ಬೇಡುವ ದೋಣಿಗೆ ನಮ್ಮ ಸಲಹೆ ಗ್ರೇಟ್ ಬ್ರಿಜ್ ದಾರಿ.

ಲಾಕ್ ಒಳಗೆ ಹೋಗುವ ಮುಂಚೆ ದೋಣಿ ಗೋಡೆಗೆ ಉಜ್ಜದಂತೆ ತಡೆಯುವ ರಬ್ಬರ್ ಫೆಂಡರ್‌ಗಳನ್ನು ಎರಡೂ ಪಕ್ಕ ಇಳಿಬಿಡಿ. ಮುಂದೊಂದು ಹಿಂದೊಂದು, 50 ಅಡಿ ಉದ್ದದ ಹಗ್ಗ ಸಿದ್ಧವಿರಲಿ. ದಡದ ಗೂಟಕ್ಕೆ ಸುತ್ತಿ ತುದಿಯನ್ನು ಕೈಯಲ್ಲೇ ಹಿಡಿಯಬೇಕು, ಗಂಟು ಹಾಕಲೇಬಾರದು. ನೀರು ಇಳಿಯುವಾಗ ಗಂಟು ಹಾಕಿದ ಹಗ್ಗ ದೋಣಿಯನ್ನು ಒಂದು ಬದಿಯಲ್ಲಿ ನೇತುಹಾಕಿಬಿಡುತ್ತದೆ.

ದೋಣಿಯ ಕೂವೆಮರ (ಹಾಯಿ ಕಟ್ಟುವ ಕಂಬ) 62 ಅಡಿ ಇದೆ. ಸೇತುವೆ ತಗಲುವುದಿಲ್ಲವೇ?
— ಸಿವಿಲ್ ಎಂಜಿನಿಯರ್, ಮಂಡ್ಯ

ಈ ದಾರಿಯ ಎತ್ತರದ ಸ್ಥಿರ ಸೇತುವೆಗಳನ್ನು ಸರಾಸರಿ ಉಬ್ಬರದ ಮಟ್ಟದಿಂದ 65 ಅಡಿ ಎಂದು ಕಟ್ಟಿದ್ದಾರೆ. ಎರಡು ಅಪವಾದಗಳನ್ನು ಬರೆದಿಟ್ಟುಕೊಳ್ಳಿ. ನಾರ್ತ್ ಕ್ಯಾರೊಲಿನಾದ ವಿಲ್ಕರ್ಸನ್ ಸೇತುವೆ 64 ಅಡಿ. ಮಯಾಮಿಯ ಜೂಲಿಯಾ ಟಟಲ್ ಸೇತುವೆ ಬರೀ 56 ಅಡಿ. ನಿಮ್ಮ ಕೂವೆಗೆ ಆ ಕೊನೆಯದು ಆಗುವುದೇ ಇಲ್ಲ. ಫೋರ್ಟ್ ಲಾಡರ್‌ಡೇಲ್‌ನಲ್ಲಿ ಸಮುದ್ರಕ್ಕೆ ಇಳಿದು, ಹವೆ ನೋಡಿಕೊಂಡು ಆ ಕೆಲವು ಗಂಟೆಯ ದಾರಿಯನ್ನು ಹೊರಗಿಂದ ಮುಗಿಸಿ ಮಯಾಮಿ ಅಳಿವೆಯಲ್ಲಿ ಒಳಬರಬೇಕು.

62 ಅಡಿ ಅನ್ನುವುದು ಕಂಪನಿಯ ಕಾಗದದಲ್ಲಿರುವ ಅಂಕಿಯಾದರೆ ಅದನ್ನು ನಂಬಬೇಡಿ. ರೇಡಿಯೊ ಆಂಟೆನಾ, ಗಾಳಿಮಾಪಕ, ದೀಪ ಅದರಲ್ಲಿ ಸೇರಿರುವುದಿಲ್ಲ. ಗಾಳಿಯಿಲ್ಲದ ದಿನ ಹಾಯಿ ಏರಿಸುವ ಹಗ್ಗಕ್ಕೆ ಅಳತೆ ಟೇಪಿನ ತುದಿ ಕಟ್ಟಿ ಕೂವೆಯ ತಲೆವರೆಗೆ ಎಳೆಯಿರಿ. ಕೆಳಗೆ ನೀರು ಮುಟ್ಟುವಲ್ಲಿ ಓದಿ, ಕೂವೆಯ ತಲೆಯಿಂದ ಮೇಲಿರುವುದನ್ನೆಲ್ಲ ಕೂಡಿಸಿ. ಡೀಸೆಲ್, ನೀರಿನ ಟ್ಯಾಂಕು ಖಾಲಿ ಇರುವಾಗಲೇ ಅಳೆಯಿರಿ. ಹಗುರಾದ ದೋಣಿ ಮೇಲೆದ್ದಿರುತ್ತದೆ, ನಿಮಗೆ ಬೇಕಾದದ್ದು ಆ ಗರಿಷ್ಠ ಅಳತೆ.

ಸೇತುವೆಯ ಕಂಬದ ಬಳಿ ಅಡಿಪಟ್ಟಿ ಇರುತ್ತದೆ, ಆ ಹೊತ್ತಿನ ನೀರಿನ ಮಟ್ಟಕ್ಕೆ ಎಷ್ಟು ಎತ್ತರ ಬಾಕಿ ಇದೆ ಎಂದು ಅದರಲ್ಲೇ ಓದಬಹುದು. ಸಾಮಾನ್ಯವಾಗಿ ಇಳಿತಕ್ಕೆ ಕಾದರೆ ಜಾಗ ಸಿಗುತ್ತದೆ. ಆದರೆ ಆಲ್ಬೆಮಾರ್ಲ್, ಪ್ಯಾಮ್ಲಿಕೊ ಸುತ್ತಮುತ್ತ ಚಂದ್ರನ ಉಬ್ಬರ-ಇಳಿತವೇ ಇಲ್ಲವೆನ್ನುವಷ್ಟು ಕಡಿಮೆ, ಅಲ್ಲಿ ಗಾಳಿ ನೀರನ್ನು ಒಂದು ಕಡೆಗೆ ತಳ್ಳಿ ಮಟ್ಟ ಏರಿಸುತ್ತದೆ. ಅಲ್ಲಿ ಆರು ಗಂಟೆ ಕಾದರೂ ಪ್ರಯೋಜನವಿಲ್ಲ, ಗಾಳಿ ದಿಕ್ಕು ಬದಲಿಸಬೇಕು.

ತೆರೆಯುವ ಸೇತುವೆಗಳಿಗೆ ವಿ.ಎಚ್.ಎಫ್. ರೇಡಿಯೊದಲ್ಲಿ ಕರೆ ಮಾಡಬೇಕು. ವರ್ಜೀನಿಯಾ, ನಾರ್ತ್ ಕ್ಯಾರೊಲಿನಾದಲ್ಲಿ 13ನೇ ಚಾನೆಲ್, ಸೌತ್ ಕ್ಯಾರೊಲಿನಾ ಮತ್ತು ಫ್ಲಾರಿಡಾದಲ್ಲಿ 9. ಸೇತುವೆಯ ಹೆಸರು, ದೋಣಿಯ ಹೆಸರು, ದಕ್ಷಿಣಕ್ಕೆ ಹೋಗುತ್ತಿದ್ದೇವೆ, ಮುಂದಿನ ತೆರವಿಗೆ ಬರುತ್ತೇವೆ — ಇಷ್ಟೇ ಮಾತು. ಪ್ರವಾಹ ಹಿಂದಿನಿಂದ ತಳ್ಳುತ್ತಿದ್ದರೆ ಸೇತುವೆಯಿಂದ ಸಾಕಷ್ಟು ದೂರದಲ್ಲೇ ದೋಣಿ ತಿರುಗಿಸಿ ಪ್ರವಾಹಕ್ಕೆ ಮುಖಮಾಡಿ ನಿಲ್ಲಬೇಕು. ನೀರಿನ ಜೊತೆಗೇ ತೇಲುವ ದೋಣಿಗೆ ಚುಕ್ಕಾಣಿ ಹಿಡಿತಕ್ಕೆ ಸಿಗುವುದಿಲ್ಲ, ಮುಚ್ಚಿದ ಸೇತುವೆಗೆ ಒಯ್ದು ಒರಗಿಸಿಬಿಡುತ್ತದೆ.

ಅಲ್ಲಿ ದೋಣಿಗಳು ಪದೇಪದೇ ಮರಳಿಗೆ ಸಿಕ್ಕಿಕೊಳ್ಳುತ್ತವೆ ಎಂದು ತಮ್ಮ ಹೇಳುತ್ತಾನೆ. ಸರ್ಕಾರವೇ ನಿರ್ವಹಿಸುವ ದಾರಿಯಲ್ಲಿ ಹೀಗೇಕೆ? ಸಿಕ್ಕಿಕೊಂಡರೆ ಏನು ಮಾಡುವುದು?
— ಓದುಗರು, ಶ್ರೀರಂಗಪಟ್ಟಣ

ಈ ಪ್ರಯಾಣದ ಮುಖ್ಯ ಪ್ರಶ್ನೆಯೇ ಇದು. ಕಾಗದದ ಮೇಲೆ ನಾರ್ಫೋಕ್‌ನಿಂದ ಫೋರ್ಟ್ ಪಿಯರ್ಸ್‌ವರೆಗೆ 12 ಅಡಿ ಆಳ, ಅಲ್ಲಿಂದ ಮಯಾಮಿಗೆ 10 ಅಡಿ. ಹೂಳೆತ್ತುವ ಹೊಣೆ ಸೇನೆಯ ಎಂಜಿನಿಯರ್ ದಳದ್ದು. ಆದರೆ ಹೂಳು ಅವರ ಯಂತ್ರಕ್ಕಿಂತ ಬೇಗ ಬರುತ್ತದೆ. ಎಲ್ಲಿ ಸಮುದ್ರದ ಅಳಿವೆ ಈ ದಾರಿಯನ್ನು ಅಡ್ಡ ಹಾಯುತ್ತದೋ ಅಲ್ಲಿ ಉಬ್ಬರದ ನೀರು ಮರಳು ಹೊತ್ತು ಒಳನುಗ್ಗುತ್ತದೆ. ಕಾಲುವೆಗೆ ಬರುತ್ತಿದ್ದಂತೆ ರಭಸ ಕಳೆದುಕೊಂಡು ಹೊತ್ತ ಮರಳನ್ನು ಅಲ್ಲೇ ಇಳಿಸುತ್ತದೆ. ಇಂದು ಇದ್ದ ದಿಬ್ಬ ಮುಂದಿನ ಬಿರುಗಾಳಿಗೆ ಜಾಗ ಬದಲಿಸುತ್ತದೆ. ನಾರ್ತ್ ಕ್ಯಾರೊಲಿನಾದ ಲಾಕ್‌ವುಡ್ಸ್ ಫಾಲಿ, ಶಲಾಟ್ ಅಳಿವೆಗಳು, ಸೌತ್ ಕ್ಯಾರೊಲಿನಾದ ಮೆಕ್ಲೆಲನ್‌ವಿಲ್ ಸುತ್ತ, ಜಾರ್ಜಿಯಾದ ಹೆಲ್ ಗೇಟ್ ಮತ್ತು ಲಿಟಲ್ ಮಡ್ ನದಿ, ಫ್ಲಾರಿಡಾದ ಮಟಾಂಜಸ್ — ಇವು ಹೆಸರಾದ ಜಾಗಗಳು. ನಕ್ಷೆಯ ಮೇಲೆ ಎಳೆದಿರುವ ನೇರಳೆ ಗೆರೆ ದಾರಿಯ ಸಾಮಾನ್ಯ ದಿಕ್ಕು ತೋರಿಸಲು ಇರುವುದು. ಅದರ ಮೇಲೇ ಕಣ್ಣುಮುಚ್ಚಿ ದೋಣಿ ಓಡಿಸಿ ದಿಬ್ಬ ಹತ್ತಿಸಿದವರು ಬೇಕಾದಷ್ಟು ಜನ. ಎಂಜಿನಿಯರ್ ದಳ ಪ್ರಕಟಿಸುವ ಹೊಸ ಆಳದ ಸಮೀಕ್ಷೆಯನ್ನು ಆ ವಾರವೇ ನೋಡಿಕೊಳ್ಳಬೇಕು.

ಆಳ ಕಡಿಮೆ ಇರುವ ಜಾಗವನ್ನು ಉಬ್ಬರ ಅರ್ಧ ಏರಿದ ಹೊತ್ತಿಗೆ ದಾಟಿ. ಪೂರ್ತಿ ಏರುವ ತನಕ ಕಾಯಬೇಡಿ. ಅರ್ಧ ಏರಿದಾಗ ಸಿಕ್ಕಿಕೊಂಡರೆ ಬರುತ್ತಿರುವ ನೀರೇ ಅರ್ಧ ಗಂಟೆಯಲ್ಲಿ ಎತ್ತಿಕೊಡುತ್ತದೆ. ತುದಿ ಉಬ್ಬರದಲ್ಲಿ ಸಿಕ್ಕಿಕೊಂಡರೆ ಅಲ್ಲಿಂದ ಮುಂದೆ ನೀರು ಇಳಿಯುವುದೇ ಹೊರತು ಏರುವುದಿಲ್ಲ. ಅದೂ ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರವಾದರೆ ಮತ್ತೆ ಅಷ್ಟು ನೀರು ಬರಲು ಹದಿನೈದು ದಿನ ಕಾಯಬೇಕಾದೀತು. ಜಾರ್ಜಿಯಾದ ಸುಮಾರು 140 ಮೈಲಿ ಉದ್ದಕ್ಕೆ ಉಬ್ಬರ-ಇಳಿತದ ವ್ಯತ್ಯಾಸ ಏಳರಿಂದ ಒಂಬತ್ತು ಅಡಿ. ಬೆಳಿಗ್ಗೆ ಸಲೀಸಾಗಿ ತೇಲಿದ ಜಾಗದಲ್ಲಿ ಮಧ್ಯಾಹ್ನ ಕೆಸರು ಕಾಣುತ್ತದೆ. ಜಾರ್ಜಿಯಾದಲ್ಲಿ ದಿನದ ಯೋಜನೆಯನ್ನು ಊರಿನ ದೂರ ನೋಡಿ ಹಾಕಬಾರದು, ಉಬ್ಬರದ ಪಟ್ಟಿ ನೋಡಿ ಹಾಕಬೇಕು.

ತಳ ತಾಗಿತು ಎಂದುಕೊಳ್ಳಿ. ತಕ್ಷಣ ಎಂಜಿನ್ ನ್ಯೂಟ್ರಲ್‌ಗೆ ತನ್ನಿ. ಮುಂದಕ್ಕೆ ಜೋರು ಕೊಟ್ಟು ದಾಟಿಬಿಡೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿದರೆ ಕೀಲ್ (ದೋಣಿಯ ತಳದಿಂದ ನೀರಿಗೆ ಇಳಿದಿರುವ ಭಾರದ ರೆಕ್ಕೆ) ಇನ್ನೂ ಆಳಕ್ಕೆ ನಾಟಿಕೊಳ್ಳುತ್ತದೆ. ನೆಲಹಲಗೆ ಎತ್ತಿ ತಳದಲ್ಲಿ ನೀರು ಜಿನುಗುತ್ತಿದೆಯೇ ನೋಡಿ. ಉಬ್ಬರದ ಪಟ್ಟಿ ನೋಡಿ. ಬಂದ ದಾರಿಯಲ್ಲೇ ಹಿಮ್ಮುಖವಾಗಿ ಸ್ವಲ್ಪ ಹೊತ್ತು ಎಳೆದು ನೋಡಿ, ಬಿಡದಿದ್ದರೆ ನಿಲ್ಲಿಸಿ. ಹಿಮ್ಮುಖ ಓಟದಲ್ಲಿ ಪ್ರೊಪೆಲರ್ ಎಬ್ಬಿಸಿದ ಕೆಸರೆಲ್ಲ ಎಂಜಿನ್ ತಂಪಿನ ನೀರಿನ ಬಾಯಿಗೆ ಹೋಗಿ ಜಾಲರಿ ಕಟ್ಟಿಕೊಳ್ಳುತ್ತದೆ, ಎಂಜಿನ್ ಬಿಸಿಯೇರುತ್ತದೆ. ಮುಂದಿನ ಉಪಾಯ ದೋಣಿಯನ್ನು ವಾಲಿಸುವುದು. ಹಾಯಿಯ ಅಡ್ಡಕಂಬವನ್ನು ಒಂದು ಪಕ್ಕಕ್ಕೆ ಪೂರ್ತಿ ಚಾಚಿ ಇಬ್ಬರು ಅದರ ಕಡೆ ಭಾರ ಹಾಕಿದರೆ ಕೀಲ್ ಕೆಲವು ಇಂಚು ಮೇಲೇಳುತ್ತದೆ, ಆಗ ಹಿಮ್ಮುಖ ಕೊಡಿ. ಅದಕ್ಕೂ ಬಗ್ಗದಿದ್ದರೆ ಚಿಕ್ಕ ದೋಣಿಯಲ್ಲಿ ಲಂಗರನ್ನು ಆಳದ ಕಡೆಗೆ ಒಯ್ದು ಹಾಕಿ, ಹಗ್ಗವನ್ನು ರಾಟೆಗೆ ಸುತ್ತಿ ಬಿಗಿಮಾಡಿ ಏರುವ ನೀರಿಗೆ ಕಾಯಿರಿ.

ನೀರು ಇಳಿಯುತ್ತಿದ್ದರೆ ಹೋರಾಟ ಬೇಡ. ದೋಣಿ ಒಂದು ಕಡೆಗೆ ಮಲಗುತ್ತದೆ ಎಂದು ತಿಳಿದೇ ಸಿದ್ಧವಾಗಿ. ದಿಬ್ಬದ ಕಡೆಗೆ ವಾಲುವಂತೆ ಭಾರ ಹಾಕಿ, ಆಳದ ಕಡೆಗಲ್ಲ. ಆ ಬದಿಯ ಕಿಟಕಿ, ನೀರಿನ ಕವಾಟ ಮುಚ್ಚಿ, ಗ್ಯಾಸ್ ಆಫ್ ಮಾಡಿ, ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸಿಡಿ.

ಎಳೆದು ಬಿಡಿಸುವ ಸೇವೆಗಳಿವೆ, ವರ್ಷಕ್ಕೆ ಚಂದಾ ಕಟ್ಟಿರಬೇಕು. ಚಂದಾ ಇಲ್ಲದೆ ಕರೆದರೆ ಬಿಲ್ಲು ಕಣ್ಣು ಕುಕ್ಕುತ್ತದೆ. ಅವರ ಹಗ್ಗ ಹಿಡಿಯುವ ಮೊದಲೇ ‘ಇದು ಬಿಡಿಸುವ ಕೆಲಸವೋ, ಸಾಲ್ವೇಜೋ’ ಎಂದು ಕೇಳಿ ಉತ್ತರ ಪಡೆಯಿರಿ. ಸಾಲ್ವೇಜ್ ಎಂದರೆ ದೋಣಿಯ ಬೆಲೆಯ ಮೇಲೆ ಪಾಲು ಕೇಳುವ ಕಾನೂನು. ಆ ಮಾತು ಮುಂಚೆಯೇ ಇತ್ಯರ್ಥವಾಗಬೇಕು.

ಇದೆಲ್ಲ ಕೆಸರು, ಮರಳಿನ ಮಾತಾಯಿತು. ಮಿರ್ಟಲ್ ಬೀಚ್ ಬಳಿ ‘ರಾಕ್ ಪೈಲ್’ ಎಂಬ ತುಂಡು ಇದೆ. ಅಲ್ಲಿ ಕಾಲುವೆಯನ್ನು ಬಂಡೆಯಲ್ಲೇ ಕೊರೆದದ್ದು, ಉಬ್ಬರದಲ್ಲಿ ಅಂಚಿನ ಬಂಡೆ ಕಾಣಿಸುವುದಿಲ್ಲ. ಅಲ್ಲಿ ಬದಿಗೆ ಸರಿದು ದಾರಿ ಬಿಡಲು ಹೋಗಬಾರದು. ಒಳಹೊಗುವ ಮುಂಚೆ 16ನೇ ಚಾನೆಲ್‌ನಲ್ಲಿ ಘೋಷಿಸಿ, ಎದುರಿಗೆ ದೊಡ್ಡ ಬಾರ್ಜ್ (ಸರಕು ಸಾಗಿಸುವ ಚಪ್ಪಟೆ ದೋಣಿ) ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡೇ ಹೊರಡಿ.

ಕೆಂಪು, ಹಸಿರು ಗುರುತುಗಳಲ್ಲಿ ಯಾವುದು ಯಾವ ಕಡೆ?
— ಪಿ.ಯು. ವಿದ್ಯಾರ್ಥಿ, ಮದ್ದೂರು

ದಕ್ಷಿಣಕ್ಕೆ ಹೋಗುವಾಗ ಕೆಂಪು ತ್ರಿಕೋನ ಬಲಕ್ಕೆ, ಅಂದರೆ ನೆಲದ ಕಡೆ. ಹಸಿರು ಚೌಕ ಎಡಕ್ಕೆ. ಗೊಂದಲ ಆಗುವುದು ಬಂದರಿನ ದಾರಿ ಅಡ್ಡ ಬಂದಾಗ. ಅಲ್ಲಿ ಬಣ್ಣಗಳು ಆ ಬಂದರಿನ ಲೆಕ್ಕಕ್ಕೆ ತಿರುಗಿರುತ್ತವೆ. ಆಗ ಫಲಕದ ಮೇಲಿನ ಚಿಕ್ಕ ಹಳದಿ ಗುರುತನ್ನು ಮಾತ್ರ ನೋಡಿ. ಫಲಕ ಯಾವ ಬಣ್ಣದ್ದೇ ಇರಲಿ, ಹಳದಿ ತ್ರಿಕೋನ ಬಲಕ್ಕೆ, ಹಳದಿ ಚೌಕ ಎಡಕ್ಕೆ. ಮಂಗಳೂರಿನಲ್ಲಿ ದೋಣಿ ನಡೆಸಿ ಅಭ್ಯಾಸವಿದ್ದವರು ಹೆಚ್ಚು ಎಚ್ಚರವಿರಬೇಕು. ಭಾರತದಲ್ಲಿ ಬಂದರಿಗೆ ಬರುವಾಗ ಕೆಂಪು ಎಡಕ್ಕೆ ಇರುತ್ತದೆ, ಅಮೆರಿಕದಲ್ಲಿ ಬಲಕ್ಕೆ.

ಮೂವತ್ತು ವರ್ಷದಿಂದ ಡೀಸೆಲ್ ಪಂಪ್‌ಸೆಟ್, ಪವರ್ ಟಿಲ್ಲರ್ ರಿಪೇರಿ ಮಾಡುತ್ತಿದ್ದೇನೆ. ಅಣ್ಣನ ಮಗ ಜೊತೆಗೆ ಬಾ ಅನ್ನುತ್ತಿದ್ದಾನೆ. ದೋಣಿ ಎಂಜಿನ್ ಬೇರೆ ಥರವೇ?
— ಮೆಕ್ಯಾನಿಕ್, ಮಂಡ್ಯ

ಎಂಜಿನ್ ನಿಮಗೆ ಗೊತ್ತಿರುವುದೇ, ಬೇರೆಯಾಗಿರುವುದು ತಂಪು ಮಾಡುವ ವ್ಯವಸ್ಥೆ. ರೇಡಿಯೇಟರ್, ಫ್ಯಾನ್ ಇಲ್ಲ. ಹೊರಗಿನ ನೀರನ್ನು ಒಂದು ಪಂಪು ಎಳೆದು ಹೀಟ್ ಎಕ್ಸ್‌ಚೇಂಜರ್ ಮೂಲಕ ಹಾಯಿಸಿ ಸೈಲೆನ್ಸರ್ ಪೈಪಿನಲ್ಲಿ ಹೊಗೆಯ ಜೊತೆ ಹೊರಹಾಕುತ್ತದೆ. ಆದ್ದರಿಂದ ಸ್ಟಾರ್ಟ್ ಮಾಡಿದ ಕೂಡಲೇ ಹಿಂದೆ ಬಗ್ಗಿ ನೀರು ಉಗುಳುತ್ತಿದೆಯೇ ನೋಡುವುದು ನಿಮ್ಮ ಮೊದಲ ಕೆಲಸವಾಗಬೇಕು. ನೀರು ಕಡಿಮೆಯಾಗಿ ಬಿಳಿ ಹಬೆ ಬಂದರೆ ಎಂಜಿನ್ ನಿಲ್ಲಿಸಿ, ಮೊದಲು ಜಾಲರಿ ಬಿಚ್ಚಿ ನೋಡಿ. ಡಿಸ್ಮಲ್ ಸ್ವಾಂಪಿನಲ್ಲಿ ಹಸಿರು ಪಾಚಿಸೊಪ್ಪು, ಜಾರ್ಜಿಯಾದಲ್ಲಿ ಜೊಂಡಿನ ಒಣಕಡ್ಡಿ ತುಂಬಿಕೊಂಡಿರುತ್ತದೆ.

ಜಾಲರಿ ಶುದ್ಧವಿದ್ದರೆ ಇಂಪೆಲರ್ ಹೋಗಿದೆ. ಇದು ಪಂಪಿನೊಳಗಿನ ರಬ್ಬರ್ ಚಕ್ರ, ಎಲೆಗಳಂತೆ ರೆಕ್ಕೆಗಳಿರುತ್ತವೆ. ನೀರಿಲ್ಲದೆ ತಿರುಗಿದರೆ ಸ್ವಲ್ಪ ಹೊತ್ತಿಗೇ ಸುಟ್ಟು ಹರಿಯುತ್ತದೆ. ನೀರಿನ ಕವಾಟ ಮುಚ್ಚಿ, ಎಂಜಿನ್ ಕೀಲಿ ತೆಗೆದು ಕವಾಟದ ಹಿಡಿಗೇ ನೇತುಹಾಕಿ. ಕವಾಟ ತೆರೆಯುವುದನ್ನು ಮರೆತು ಸ್ಟಾರ್ಟ್ ಮಾಡಿ ಹೊಸ ಇಂಪೆಲರನ್ನೂ ಸುಡುವುದು ತಪ್ಪಬೇಕಾದರೆ ಇದೊಂದೇ ದಾರಿ. ಪಂಪಿನ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚುವಾಗ ಕೆಳಗೆ ಬಟ್ಟೆ ಹಾಸಿ, ಬಿದ್ದ ಸ್ಕ್ರೂ ಎಂಜಿನ್ ಕೆಳಗಿನ ಎಣ್ಣೆನೀರಿನಲ್ಲಿ ಸಿಗುವುದಿಲ್ಲ. ಹಳೆಯದನ್ನು ಎಳೆದು ತೆಗೆದ ಮೇಲೆ ರೆಕ್ಕೆಗಳನ್ನು ಎಣಿಸಿ. ಎರಡು ತುಂಡು ಕಡಿಮೆಯಿದ್ದರೆ ಆ ಎರಡೂ ಮುಂದಿನ ಪೈಪಿನಲ್ಲೋ ಎಕ್ಸ್‌ಚೇಂಜರ್ ಬಾಯಲ್ಲೋ ಕೂತಿವೆ, ಹುಡುಕಿ ತೆಗೆಯಲೇಬೇಕು. ಇಲ್ಲದಿದ್ದರೆ ಹೊಸ ಇಂಪೆಲರ್ ಹಾಕಿದರೂ ಎಂಜಿನ್ ಕಾಯುತ್ತಲೇ ಇರುತ್ತದೆ. ಹೊಸದಕ್ಕೆ ಗ್ಲಿಸರಿನ್ ಅಥವಾ ಪಾತ್ರೆ ತೊಳೆಯುವ ಸೋಪಿನ ದ್ರವ ಸವರಿ, ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ. ಪಂಪು ತಿರುಗುವ ದಿಕ್ಕಿಗೆ ರೆಕ್ಕೆಗಳು ಹಿಂದಕ್ಕೆ ಬಾಗುವಂತೆ ತಿರುವುತ್ತಾ ಕೂರಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿ.

ಎರಡನೇ ಶತ್ರು ಡೀಸೆಲ್ ಫಿಲ್ಟರ್. ಕಟ್ಟೆಯಲ್ಲಿ ಸುಮ್ಮನೆ ನಿಂತ ದೋಣಿಯ ಟ್ಯಾಂಕಿನ ತಳದಲ್ಲಿ ಗಸಿ ಕೂತಿರುತ್ತದೆ. ಆಲ್ಬೆಮಾರ್ಲ್ ಸೌಂಡಿನ ಕುಲುಕಾಟದಲ್ಲಿ ಅದು ಕದಡಿ ಒಂದೇ ಸಲ ಫಿಲ್ಟರಿಗೆ ಬರುತ್ತದೆ. ಹಾಗಾಗಿ ಎಂಜಿನ್ ಕೆಮ್ಮಿ ನಿಲ್ಲುವುದು ಯಾವಾಗಲೂ ಕೆಟ್ಟ ಅಲೆಯ ನಡುವೆಯೇ. ಗಾಳಿ ತೆಗೆಯುವ ಸ್ಕ್ರೂ ಎಲ್ಲಿದೆ ಎಂದು ನಾರ್ಫೋಕ್‌ನಲ್ಲೇ ನೋಡಿಟ್ಟುಕೊಳ್ಳಿ. ಇಂಪೆಲರ್ ಎರಡು, ಬೆಲ್ಟು ಎರಡು, ಎರಡೂ ಬಗೆಯ ಡೀಸೆಲ್ ಫಿಲ್ಟರ್ ನಾಲ್ಕು ನಾಲ್ಕು, ಆಯಿಲ್ ಬದಲಿಸಲು ಬೇಕಾದ್ದು ಜೊತೆಗಿರಲಿ. ಇಂಥ ಎಂಜಿನ್ ಗಂಟೆಗೆ ಮೂರು ಲೀಟರ್ ಸುತ್ತಮುತ್ತ ಕುಡಿಯುತ್ತದೆ. 180 ಗಂಟೆ ಓಟಕ್ಕೆ 540 ಲೀಟರ್ ಲೆಕ್ಕ ಹಾಕಿ. ಏಡಿ ಹಿಡಿಯುವ ಬುಟ್ಟಿಗಳ ಬೆಂಡಿನ ಗುರುತು ಕಂಡರೆ ಸುತ್ತುಹಾಕಿ ಹೋಗಿ. ಅದರ ಹಗ್ಗ ಪ್ರೊಪೆಲರಿಗೆ ಸುತ್ತಿಕೊಂಡರೆ ತಣ್ಣೀರಿಗೆ ಇಳಿದು ಚಾಕುವಿನಿಂದ ಕೊಯ್ಯಬೇಕಾಗುತ್ತದೆ.

ಲಂಗರಿನ ಸರಪಳಿ ಎಷ್ಟು ಬಿಡಬೇಕು?
— ಓದುಗರು, ಹುಣಸೂರು

ಆಳದ ಐದರಿಂದ ಏಳು ಪಟ್ಟು. ಆದರೆ ಯಾವ ಆಳ ಎಂಬಲ್ಲೇ ತಪ್ಪು ನಡೆಯುವುದು. ಜಾರ್ಜಿಯಾದಲ್ಲಿ ಇಳಿತದ ಹೊತ್ತಿಗೆ ಎಂಟು ಅಡಿ ನೀರಿದ್ದ ಜಾಗದಲ್ಲಿ ಲಂಗರು ಹಾಕಿದಿರಿ. ದೋಣಿಯ ಮೂತಿ ನೀರಿನಿಂದ ನಾಲ್ಕು ಅಡಿ ಎತ್ತರ. ಒಟ್ಟು 12 ಎಂದು ಐದರಿಂದ ಗುಣಿಸಿ 60 ಅಡಿ ಬಿಟ್ಟು ಮಲಗಿದರೆ, ನಡುರಾತ್ರಿ ಎಂಟು ಅಡಿ ಉಬ್ಬರ ಏರಿ 12 ಇದ್ದದ್ದು 20 ಆಗುತ್ತದೆ. ಆಗ ನಿಮ್ಮ 60 ಅಡಿ ಮೂರೇ ಪಟ್ಟು, ಲಂಗರು ಕಿತ್ತು ಜಾರುತ್ತದೆ. 20ನ್ನೇ ಹಿಡಿದು 100 ಅಡಿ, ಗಾಳಿ ಇದ್ದರೆ 140 ಅಡಿ ಬಿಡಿ. ಪ್ರವಾಹ ಆರು ಗಂಟೆಗೊಮ್ಮೆ ದಿಕ್ಕು ತಿರುಗುವಾಗ ದೋಣಿಯೂ ತಿರುಗುತ್ತದೆ. ಅಷ್ಟಗಲ ಸುತ್ತಲು ಜಾಗವಿರಬೇಕು.

ಮಗನ ದೋಣಿಯಲ್ಲಿ ಮುದ್ದೆ-ಸಾರು ಮಾಡಲಾದೀತೇ? ನೀರು, ಶೌಚದ ವ್ಯವಸ್ಥೆ ಹೇಗೆ?
— ಗೃಹಿಣಿ, ನಂಜನಗೂಡು

ಧಾರಾಳವಾಗಿ. ದೋಣಿಗೆ ಕುಕ್ಕರಿನಂಥ ಪಾತ್ರೆ ಇನ್ನೊಂದಿಲ್ಲ. ಮುಚ್ಚಳ ಬಿಗಿದಿರುವುದರಿಂದ ದೋಣಿ ಕುಲುಕಿದರೂ ಬಿಸಿಸಾರು ಮೈಮೇಲೆ ಚೆಲ್ಲುವುದಿಲ್ಲ, ಗ್ಯಾಸೂ ಉಳಿಯುತ್ತದೆ. ಮುದ್ದೆಗೆ ಮಾತ್ರ ದೋಣಿ ನಿಂತಿರಬೇಕು, ಎರಡೂ ಕೈ ಹಿಡಿದು ತೊಳಸುವ ಕೆಲಸ ಓಡುವ ದೋಣಿಯಲ್ಲಿ ಆಗದು. ರಾಗಿಹಿಟ್ಟು, ಸಾರಿನಪುಡಿ ರಬ್ಬರ್ ಅಂಚಿನ ಡಬ್ಬಿಯಲ್ಲಿರಲಿ. ಚಳಿಗೆ ಒಳಗಿನ ಉಸಿರೆಲ್ಲ ಗೋಡೆಯಲ್ಲಿ ನೀರಾಗಿ ಇಳಿದು ಹಿಟ್ಟು ಮುಗ್ಗುತ್ತದೆ.

ಗ್ಯಾಸಿನ ವಿಷಯದಲ್ಲಿ ಮನೆಗಿಂತ ಹತ್ತುಪಟ್ಟು ಎಚ್ಚರ ಬೇಕು. ಪ್ರೊಪೇನ್ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲು ತೆರೆದಾಗ ಹೋಗುತ್ತದೆ, ದೋಣಿಯಲ್ಲಿ ತಳಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಎಂಜಿನ್ ಸ್ಟಾರ್ಟರಿನ ಒಂದು ಕಿಡಿ ಸಾಕು. ಅಡುಗೆ ಮುಗಿದ ಕೂಡಲೇ ಸಿಲಿಂಡರಿನ ಬಳಿಯೇ ಮುಚ್ಚಿ. ಚಳಿಯೆಂದು ಒಲೆ ಹಚ್ಚಿಟ್ಟು ಮಲಗಬೇಡಿ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಅದನ್ನು ಗುರುತಿಸಿ ಕೂಗುವ ಅಲಾರಂ ದೋಣಿಯಲ್ಲಿದೆಯೇ ಎಂದು ಮಗನನ್ನು ಕೇಳಿ.

ಕುಡಿಯುವ ನೀರು ಮಿತವಾಗಿ ಬಳಸಿದರೆ ಒಬ್ಬರಿಗೆ ದಿನಕ್ಕೆ ಹತ್ತು ಲೀಟರಿನಲ್ಲಿ ನಡೆಯುತ್ತದೆ. ಡೀಸೆಲ್ ಹಾಕಿಸುವಲ್ಲೇ ನೀರೂ ತುಂಬಿಸಿಕೊಳ್ಳಬಹುದು. ಶೌಚದ ಕೊಳೆ ದೋಣಿಯ ಟ್ಯಾಂಕಿನಲ್ಲಿ ಸೇರುತ್ತದೆ, ಸಂಸ್ಕರಿಸದೆ ಜಲಮಾರ್ಗಕ್ಕೆ ಬಿಡುವುದು ಅಪರಾಧ. ದೋಣಿಕಟ್ಟೆಗಳಲ್ಲಿ ಪಂಪು ಹಾಕಿ ಖಾಲಿ ಮಾಡುತ್ತಾರೆ. ಊಟವಾಗಿ ಹೊಟ್ಟೆಗೆ ಹೋದದ್ದು, ಜೊತೆಗೆ ಅಲ್ಲಿ ಕೊಡುವ ತೆಳು ಕಾಗದ ಬಿಟ್ಟು ಇನ್ನೇನೂ ಆ ಕೊಳವೆಗೆ ಹೋಗಬಾರದು. ಕಟ್ಟಿಕೊಂಡರೆ ಬಿಚ್ಚಿ ತೊಳೆಯುವ ಕೆಲಸ ಮಗನ ಪಾಲಿಗೆ ಬರುತ್ತದೆ.

ಈಜು ಬರುವುದಿಲ್ಲ. ಬರಬಹುದೇ?
— ಓದುಗರು, ಕೆ.ಆರ್. ನಗರ

ಬರಬಹುದು, ಡೆಕ್ಕಿನ ಮೇಲೆ ಇರುವಷ್ಟು ಹೊತ್ತೂ ಲೈಫ್ ಜಾಕೆಟ್ ಮೈಮೇಲಿರಬೇಕು. ನವೆಂಬರ್‌ನ ತಣ್ಣೀರಿಗೆ ಬಿದ್ದರೆ ಮೊದಲ ಕ್ಷಣಕ್ಕೇ ಉಸಿರು ಏದುತ್ತದೆ, ಈಜು ಬಲ್ಲವರಿಗೂ ಕೈಕಾಲು ಆಡುವುದಿಲ್ಲ. ಜಾಕೆಟ್ ನಿಮ್ಮ ಅಳತೆಯದೇ ಇರಲಿ. ಹೆಗಲ ಪಟ್ಟಿ ಹಿಡಿದು ಮೇಲೆತ್ತಿದಾಗ ಕಿವಿಯವರೆಗೆ ಬಂದರೆ ಅದು ದೊಡ್ಡದಾಯಿತು.

ನಮ್ಮ ದೇಶದಲ್ಲಿ ಇಂಥ ದಾರಿ ಇಲ್ಲವೇ?
— ಇತಿಹಾಸ ಉಪನ್ಯಾಸಕರು, ಮೈಸೂರು

ಎರಡಿವೆ. ಕೇರಳದ ಕೊಲ್ಲಂ-ಕೊಟ್ಟಪ್ಪುರಂ ಮಾರ್ಗವನ್ನು 1993ರಲ್ಲಿ 3ನೇ ರಾಷ್ಟ್ರೀಯ ಜಲಮಾರ್ಗವೆಂದು ಘೋಷಿಸಿದರು. ಚಂಪಕ್ಕರ, ಉದ್ಯೋಗಮಂಡಲ ಕಾಲುವೆ ಸೇರಿ 205 ಕಿ.ಮೀ., 2016ರಲ್ಲಿ ಕೋಝಿಕ್ಕೋಡ್‌ವರೆಗೆ ವಿಸ್ತರಿಸಿದರು. ಇನ್ನೊಂದು ಪೂರ್ವ ಕರಾವಳಿಯ ಬಕಿಂಗ್‌ಹ್ಯಾಮ್ ಕಾಲುವೆ. ಮದ್ರಾಸಿನ ಒಳಗೆ ಅಡ್ಯಾರ್, ಕೂವಂ ನದಿಗಳನ್ನು ಜೋಡಿಸುವ ತುಂಡನ್ನು ಅಗೆದದ್ದು 1877-78ರಲ್ಲಿ, ಬರದ ಕಾಮಗಾರಿಯಾಗಿ. ನಮ್ಮ ಮೈಸೂರು ಸೀಮೆಯನ್ನು ಬಡಿದ ಧಾತು-ಈಶ್ವರ ಸಂವತ್ಸರದ ಬರವೇ ಅದು. ಅರವತ್ತರ ದಶಕದ ಚಂಡಮಾರುತಗಳಲ್ಲಿ ಈ ಕಾಲುವೆ ಹಾಳಾಯಿತು, 2008ರಲ್ಲಿ ಅದನ್ನು 4ನೇ ಜಲಮಾರ್ಗದಲ್ಲಿ ಸೇರಿಸಿದರು. ಎರಡರಲ್ಲೂ ಎತ್ತರದ ಕೂವೆಯ ಹಾಯಿದೋಣಿ ಒಯ್ಯುವಂತಿಲ್ಲ, ಸೇತುವೆಗಳು ತಗ್ಗಿನಲ್ಲಿವೆ.

ಪೂರ್ತಿ ಎರಡು ತಿಂಗಳು ಆಗದು. ನಡುವೆ ಹತ್ತಿ ನಡುವೆ ಇಳಿಯಬೇಕು. ಟಿಕೆಟ್ ಹೇಗೆ ಮಾಡಿಸಲಿ?
— ಬ್ಯಾಂಕ್ ಉದ್ಯೋಗಿ, ಮಂಡ್ಯ

ಊರು, ತಾರೀಕು ಎರಡನ್ನೂ ಒಟ್ಟಿಗೆ ಕಟ್ಟಿಹಾಕಬೇಡಿ. ಒಂದು ಗಟ್ಟಿಯಾಗಿದ್ದರೆ ಇನ್ನೊಂದು ಸಡಿಲವಿರಲಿ. ‘ಡಿಸೆಂಬರ್ 1ಕ್ಕೆ ಸವಾನಾದಲ್ಲಿ ಅತಿಥಿಗಳು ಕಾಯುತ್ತಿದ್ದಾರೆ’ ಎಂಬ ಒತ್ತಡಕ್ಕೇ ಜನ ಗಾಳಿಯಲ್ಲಿ ಸೌಂಡ್ ದಾಟುವುದು, ಇಳಿತದಲ್ಲಿ ಲಿಟಲ್ ಮಡ್ ನದಿಗೆ ನುಗ್ಗುವುದು, ಕತ್ತಲಲ್ಲಿ ಗುರುತು ಹುಡುಕುವುದು. ಮೊದಲು ಹೇಳಿದ ತಾಪತ್ರಯಗಳಲ್ಲಿ ಮುಕ್ಕಾಲುಪಾಲು ಇದರಿಂದಲೇ ಬರುತ್ತವೆ. ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗಿಬರುವ ಟಿಕೆಟ್ ಮಾತ್ರ ಈಗ ಮಾಡಿಸಿ, ದಿನಾಂಕ ಬದಲಿಸಲು ಬರುವಂಥದ್ದಾಗಿರಲಿ. ಅಲ್ಲಿನ ಒಳಗಿನ ಟಿಕೆಟನ್ನು ದೋಣಿ ಎಲ್ಲಿದೆ ಎಂದು ತಿಳಿದ ಮೇಲೆ, ಎರಡು ಮೂರು ದಿನ ಮುಂಚೆ ತೆಗೆದರಾಯಿತು. ದಾರಿಯಲ್ಲಿ ನಾರ್ಫೋಕ್, ವಿಲ್ಮಿಂಗ್ಟನ್, ಚಾರ್ಲ್ಸ್‌ಟನ್, ಸವಾನಾ, ಜಾಕ್ಸನ್‌ವಿಲ್, ಡೇಟೋನಾ, ಫೋರ್ಟ್ ಲಾಡರ್‌ಡೇಲ್, ಮಯಾಮಿಗಳಲ್ಲಿ ವಿಮಾನ ನಿಲ್ದಾಣಗಳಿವೆ. ಪ್ರವಾಸಿ ವೀಸಾದಲ್ಲಿ ಎಷ್ಟು ದಿನ ಇರಬಹುದೆಂದು ಬರೆದುಕೊಡುವವರು ವಿಮಾನ ನಿಲ್ದಾಣದ ಅಧಿಕಾರಿ, ಸಾಮಾನ್ಯವಾಗಿ ಆರು ತಿಂಗಳೊಳಗೆ. ದೋಣಿಯಲ್ಲಿ ಸಂಬಳಕ್ಕೆ ಕೆಲಸ ಮಾಡುವಂತಿಲ್ಲ. ಬಿ.ಪಿ., ಸಕ್ಕರೆಯ ಮಾತ್ರೆ ಪೂರ್ತಿ ಅವಧಿಗೆ ಆಗುವಷ್ಟು, ವೈದ್ಯರ ಚೀಟಿ ಸಮೇತ, ಕೈಚೀಲದಲ್ಲೇ ಇಟ್ಟುಕೊಳ್ಳಿ. ಗಟ್ಟಿ ಸೂಟ್‌ಕೇಸ್ ಬೇಡ, ದೋಣಿಯಲ್ಲಿ ಅದನ್ನಿಡಲು ಜಾಗವಿಲ್ಲ. ಮಡಚಿಡಲು ಬರುವ ಬಟ್ಟೆಯ ಚೀಲ ಒಯ್ಯಿರಿ.